ಘೋಷಣೆಗೆ ಮುನ್ನವೇ ಹೋದ ಮಕ್ಕಳು: 2011ರ ಸೊಮಾಲಿಯಾ ಕ್ಷಾಮದ ಪ್ರಕರಣ ಅಧ್ಯಯನ

2011ರ ಜುಲೈ 20ರಂದು ವಿಶ್ವಸಂಸ್ಥೆಯು ದಕ್ಷಿಣ ಸೊಮಾಲಿಯಾದ ಎರಡು ಕಡೆ, ದಕ್ಷಿಣ ಬಕೂಲ್ ಮತ್ತು ಲೋವರ್ ಶಬೆಲ್ಲೆಯಲ್ಲಿ, ಕ್ಷಾಮವಿದೆ ಎಂದು ಘೋಷಿಸಿತು. ಜಗತ್ತಿನ ಬಹುಪಾಲು ಜನರಿಗೆ ಆ ದುರಂತ ಶುರುವಾದದ್ದು ಅಂದು. ಆದರೆ ಆ ಕ್ಷಾಮ ಒಟ್ಟು ಬಲಿ ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಅಷ್ಟು ಹೊತ್ತಿಗಾಗಲೇ ಮಣ್ಣು ಸೇರಿದ್ದರು. 2013ರ ಮೇ ತಿಂಗಳಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ದಕ್ಷಿಣ ಮತ್ತು ಮಧ್ಯ ಸೊಮಾಲಿಯಾದಲ್ಲಿ ಸುಮಾರು 2,58,000 ಮಂದಿ ಈ ಬಿಕ್ಕಟ್ಟಿಗೆ ಬಲಿಯಾದರು. ಅವರಲ್ಲಿ 1,33,000 ಮಂದಿ ಐದು ವರ್ಷದೊಳಗಿನ ಮಕ್ಕಳು. ಆ ಪ್ರದೇಶದಲ್ಲಿ ಆ ವಯಸ್ಸಿನ ಪ್ರತಿ ಹತ್ತು ಮಕ್ಕಳಲ್ಲಿ ಒಂದು ಮಗು ಸತ್ತಿತು. ಲೋವರ್ ಶಬೆಲ್ಲೆಯಲ್ಲಿ ಆ ಪ್ರಮಾಣ ಶೇಕಡಾ 18.

ಕನ್ನಡದಲ್ಲಿ ನಾವು ಬರ ಎಂಬ ಮಾತನ್ನು ಮಳೆ ಕೈಕೊಟ್ಟದ್ದಕ್ಕೂ ಬಳಸುತ್ತೇವೆ, ಅನ್ನವಿಲ್ಲದೆ ಜನ ಗುಳೆ ಹೊರಟದ್ದಕ್ಕೂ ಬಳಸುತ್ತೇವೆ. ಈ ಪ್ರಕರಣವನ್ನು ತಿಳಿಯಬೇಕಾದರೆ ಎರಡನ್ನೂ ಬಿಡಿಸಿ ನೋಡಬೇಕು. ಮಳೆ ಹೋದದ್ದು ಬರ. ಜನ ಗುಂಪುಗುಂಪಾಗಿ ಸಾಯತೊಡಗಿದ್ದು ಕ್ಷಾಮ. ಸೊಮಾಲಿಯಾದಲ್ಲಿ ಮಳೆ ತಪ್ಪಿದ ದಿನಕ್ಕೂ ಕ್ಷಾಮವೆಂಬ ಪದ ಅಧಿಕೃತವಾಗಿ ಹೊರಬಿದ್ದ ದಿನಕ್ಕೂ ನಡುವೆ ಎಂಟೊಂಬತ್ತು ತಿಂಗಳಿದ್ದವು. ಆ ತಿಂಗಳುಗಳೇ ಈ ಅಧ್ಯಯನದ ವಿಷಯ.

ಎರಡು ಮಳೆ, ಒಂದು ಸಂತೆ

ದಕ್ಷಿಣ ಸೊಮಾಲಿಯಾದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಏಪ್ರಿಲ್‌ನಿಂದ ಜೂನ್‌ವರೆಗಿನದು ಗು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಡೇರ್. ಜುಬ್ಬಾ ಮತ್ತು ಶಬೆಲ್ಲೆ ನದಿಗಳ ನಡುವಿನ ಸೀಮೆ ದೇಶದ ಕಣಜ. ಅದರಲ್ಲೂ ಬೇ ಪ್ರಾಂತ್ಯ ಮಳೆಯನ್ನೇ ನಂಬಿ ಕೆಂಪು ಜೋಳ ಬೆಳೆಯುವ ನೆಲ. 2010ರ ಗು ಬೆಳೆ ಚೆನ್ನಾಗಿಯೇ ಬಂದಿತ್ತು. ಆಮೇಲೆ ಪೆಸಿಫಿಕ್ ಸಾಗರದಲ್ಲಿ ಲಾ ನಿನಾ, ಅಂದರೆ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ತಂಪಾಗುವ ಸ್ಥಿತಿ, ಬಲಗೊಂಡಿತು. ಪೂರ್ವ ಆಫ್ರಿಕಾದಲ್ಲಿ ವರ್ಷದ ಕೊನೆಯ ಮಳೆ ಕುಗ್ಗುವುದಕ್ಕೂ ಲಾ ನಿನಾಕ್ಕೂ ಇರುವ ನಂಟು ಹವಾಮಾನ ಬಲ್ಲವರಿಗೆ ಹಳೆಯ ವಿಷಯ. ಆ ವರ್ಷದ ಡೇರ್ ಮಳೆ ಹೆಚ್ಚುಕಡಿಮೆ ಪೂರ್ತಿಯಾಗಿ ತಪ್ಪಿತು. 2011ರ ಗು ಮಳೆ ತಡವಾಗಿ ಬಂದು ಬೇಗ ಮುಗಿಯಿತು. ಆಫ್ರಿಕಾದ ಕೊಂಬಿನ ಕೆಲವು ಭಾಗಗಳಲ್ಲಿ ಅಷ್ಟು ಒಣಗಿದ ವರ್ಷ 1950ರ ದಶಕದ ಆರಂಭದಿಂದೀಚೆಗೆ ಬಂದಿರಲಿಲ್ಲ.

ಇಷ್ಟಕ್ಕೇ ಒಂದು ಸೀಮೆ ಸಾಯಬೇಕಿರಲಿಲ್ಲ. ಬೆಳೆ ಹೋದರೆ ಕೊಂಡು ತಿನ್ನಬಹುದು, ಕೈಯಲ್ಲಿ ಹಣವಿದ್ದರೆ. ಬರಗಾಲದಲ್ಲಿ ಅಧಿಕ ಮಾಸ ಎಂಬಂತೆ, ಅದೇ ಸಮಯಕ್ಕೆ ಜಗತ್ತಿನಾದ್ಯಂತ ಧಾನ್ಯದ ಬೆಲೆ ಏರಿತ್ತು. ಬೇ ಪ್ರಾಂತ್ಯದ ಮುಖ್ಯ ಊರು ಬೈದೋವಾದ ಸಂತೆಯಲ್ಲಿ ಕೆಂಪು ಜೋಳದ ಬೆಲೆ ಒಂದೇ ವರ್ಷದಲ್ಲಿ ಮೂರು ಪಟ್ಟನ್ನೂ ಮೀರಿತು. ಮೇವಿಲ್ಲದೆ ಬಡಕಲಾದ ಆಡುಗಳನ್ನು ಎಲ್ಲರೂ ಒಟ್ಟಿಗೆ ಮಾರಲು ತಂದಾಗ ಆಡಿನ ಬೆಲೆ ಬಿತ್ತು. ಹೊಲಗಳಲ್ಲಿ ಕೆಲಸವಿಲ್ಲದೆ ಕೂಲಿಯೂ ಬಿತ್ತು. ಒಂದು ಆಡಿಗೆ ಎಷ್ಟು ಕಿಲೋ ಜೋಳ ಬರುತ್ತದೆ, ಒಂದು ದಿನದ ಕೂಲಿಗೆ ಎಷ್ಟು ಬರುತ್ತದೆ ಎಂಬ ಎರಡು ಲೆಕ್ಕಗಳನ್ನು ಅಲ್ಲಿನ ಆಹಾರ ಭದ್ರತಾ ವಿಶ್ಲೇಷಕರು ಪ್ರತಿ ತಿಂಗಳೂ ಬರೆದಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಮಳೆಮಾಪಕಕ್ಕಿಂತ ಈ ಎರಡು ಅಂಕಿಗಳೇ ಮನೆಯ ಒಲೆಗೆ ಹತ್ತಿರ. 2011ರ ಮೊದಲ ತಿಂಗಳುಗಳಲ್ಲಿ ಇವು ಕುಸಿಯುತ್ತಿದ್ದುದು ಯಾರಿಂದಲೂ ಮುಚ್ಚಿಟ್ಟ ಸಂಗತಿಯಾಗಿರಲಿಲ್ಲ.

ಪೆಟ್ಟು ಎಲ್ಲರಿಗೂ ಒಂದೇ ಸಮನಾಗಿ ಬೀಳಲಿಲ್ಲ. ಹೆಚ್ಚು ಸತ್ತವರು ನದಿಗಳ ನಡುವಿನ ರಹನ್ವೇಯ್ನ್ ಕುಲದ ಬೇಸಾಯಗಾರರು ಮತ್ತು ಸೊಮಾಲಿ ಬಂಟು ಸಮುದಾಯದವರು. ನೈರೋಬಿಯಲ್ಲೋ ಲಂಡನ್ನಿನಲ್ಲೋ ದುಡಿಯುವ ಬಂಧುವಿದ್ದ ಮನೆಗೆ ಹವಾಲಾ ಎಂಬ ಖಾಸಗಿ ಹಣ ರವಾನೆಯ ಜಾಲದ ಮೂಲಕ ತಿಂಗಳಿಗಷ್ಟು ಹಣ ಬರುತ್ತಿತ್ತು. ಈ ಎರಡು ಸಮುದಾಯಗಳಲ್ಲಿ ಅಂಥ ಬಂಧುಗಳಿದ್ದವರು ಕಡಿಮೆ.

ಮುಚ್ಚಿದ ಎರಡು ಬಾಗಿಲು

ದಕ್ಷಿಣದ ಬಹುಭಾಗ ಆಗ ಅಲ್-ಶಬಾಬ್ ಎಂಬ ಸಶಸ್ತ್ರ ಇಸ್ಲಾಮಿ ಉಗ್ರ ಸಂಘಟನೆಯ ಹಿಡಿತದಲ್ಲಿತ್ತು. ಅದು ನೆರವು ಸಂಸ್ಥೆಗಳಿಗೆ ಸುಂಕ ಹೇರಿತು, ಷರತ್ತು ವಿಧಿಸಿತು, ಕಾರ್ಯಕರ್ತರಿಗೆ ಬೆದರಿಕೆ ಹಾಕಿತು. 2010ರ ಜನವರಿಯಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಯಾದ ವಿಶ್ವ ಆಹಾರ ಕಾರ್ಯಕ್ರಮ ದಕ್ಷಿಣದ ಹೆಚ್ಚಿನ ಕಡೆ ತನ್ನ ಕೆಲಸವನ್ನು ನಿಲ್ಲಿಸಬೇಕಾಯಿತು. ಮುಂದಿನ ತಿಂಗಳೇ ಆ ಸಂಘಟನೆ ಅದನ್ನು ಔಪಚಾರಿಕವಾಗಿ ನಿಷೇಧಿಸಿತು. ಒಂದು ಬಾಗಿಲು ಹೀಗೆ ಮುಚ್ಚಿತು.

ಇನ್ನೊಂದು ಬಾಗಿಲನ್ನು ಮುಚ್ಚಿದವರು ಹೊರಗಿನವರು. ಅಮೆರಿಕ 2008ರಲ್ಲಿ ಅಲ್-ಶಬಾಬ್ ಅನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತ್ತು. ನೆರವಿನ ಒಂದು ಪಾಲು ಆ ಸಂಘಟನೆಯ ಕೈ ಸೇರಿದರೂ ನೆರವು ಕೊಟ್ಟ ಸಂಸ್ಥೆಯೇ ಅಲ್ಲಿನ ಕಾನೂನಿನಡಿ ಅಪರಾಧಿಯಾಗುವ ಭಯವಿತ್ತು. 2010ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯದೇ ನಿಗಾ ತಂಡವೊಂದು ಆಹಾರ ನೆರವಿನ ದೊಡ್ಡ ಪಾಲು ದಾರಿ ತಪ್ಪುತ್ತಿದೆ ಎಂದು ವರದಿ ಮಾಡಿತು. ಅಮೆರಿಕದ ನೆರವು ಕಡಿದಾಗಿ ಇಳಿಯಿತು. ಕಾನೂನಿನ ಈ ಬಿಗಿಯನ್ನು ಸಡಿಲಿಸುವುದಾಗಿ ಅಮೆರಿಕ ಹೇಳಿದ್ದು 2011ರ ಆಗಸ್ಟ್ ಆರಂಭದಲ್ಲಿ, ಅಂದರೆ ಕ್ಷಾಮದ ಘೋಷಣೆ ಆದ ಮೇಲೆ.

ದಾರಿ ತಪ್ಪಿದ ಜೋಳದ ಚೀಲದ ಬಗೆಗಿನ ಕಳವಳ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಚೀಲವನ್ನು ತಡೆಯಲು ಎಲ್ಲ ಚೀಲಗಳನ್ನೂ ತಡೆದರೆ ಬೆಲೆ ತೆರುವವರು ಯಾರು ಎಂಬುದು ಆ ಹೊತ್ತಿನಲ್ಲೇ ತಿಳಿದಿತ್ತು. ಬಂದೂಕು ಹಿಡಿದವನು ಯಾವ ಕ್ಷಾಮದಲ್ಲೂ ಮೊದಲು ಸಾಯುವುದಿಲ್ಲ.

ಹದಿನಾರು ಎಚ್ಚರಿಕೆಗಳು

ಸೊಮಾಲಿಯಾದಲ್ಲಿ ಮಾಹಿತಿಯ ಕೊರತೆ ಇರಲಿಲ್ಲ, ಇದನ್ನು ಒತ್ತಿ ಹೇಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಡಿಯ ಆಹಾರ ಭದ್ರತೆ ಮತ್ತು ಪೌಷ್ಟಿಕತೆ ವಿಶ್ಲೇಷಣಾ ಘಟಕ ಹಾಗೂ ಅಮೆರಿಕದ ಹಣದಿಂದ ನಡೆಯುವ ಕ್ಷಾಮ ಮುನ್ನೆಚ್ಚರಿಕೆ ಜಾಲ, ಎರಡೂ ಅಲ್ಲಿ ಸಮೀಕ್ಷೆ ನಡೆಸುತ್ತಿದ್ದವು. ಲಾ ನಿನಾದಿಂದ ಡೇರ್ ಮಳೆ ಕುಗ್ಗಬಹುದೆಂಬ ಸೂಚನೆ 2010ರ ಆಗಸ್ಟ್‌ನಲ್ಲೇ ಇತ್ತು. ನವೆಂಬರ್‌ನಿಂದ ಮುಂದಿನ ಜುಲೈವರೆಗೆ ಈ ಎರಡು ಸಂಸ್ಥೆಗಳು ಹದಿನಾರು ವಿಶೇಷ ಎಚ್ಚರಿಕೆಗಳನ್ನು ಹೊರಡಿಸಿದವು. ಗು ಮಳೆಯೂ ಹೋದರೆ ಕೆಲವೆಡೆ ಕ್ಷಾಮ ಬರಬಹುದು ಎಂದು 2011ರ ಮಾರ್ಚ್‌ನಲ್ಲಿ ಆ ಪದವನ್ನೇ ಬಳಸಿ ಹೇಳಿದ್ದರು.

ಹಾಗಿದ್ದೂ ಹಣ ಹರಿಯಲಿಲ್ಲ. ಕಾರಣ ಹುಡುಕುತ್ತ ಹೋದರೆ ಕ್ಷಾಮ ಎಂಬ ಪದದ ವ್ಯಾಖ್ಯೆಯ ಬಳಿ ಬಂದು ನಿಲ್ಲುತ್ತೇವೆ. ಆಹಾರ ಬಿಕ್ಕಟ್ಟನ್ನು ಐದು ಹಂತಗಳಲ್ಲಿ ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಐದನೆಯದು ಕ್ಷಾಮ. ಅದಕ್ಕೆ ಮೂರು ಅಳತೆಗಳು ಕೂಡಬೇಕು. ಶೇಕಡಾ 20ರಷ್ಟಾದರೂ ಮನೆಗಳಲ್ಲಿ ಆಹಾರ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬ ಸ್ಥಿತಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 30ಕ್ಕಿಂತ ಹೆಚ್ಚು ಮಂದಿಗೆ ತೀವ್ರ ಅಪೌಷ್ಟಿಕತೆ. ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರಿಗಿಂತ ಹೆಚ್ಚು ಸಾವು. ಪದ ಅಗ್ಗವಾಗಬಾರದೆಂದು ವ್ಯಾಖ್ಯೆಯನ್ನು ಬಿಗಿಯಾಗಿಟ್ಟರು, ಅದು ಸರಿಯೇ. ಆದರೆ ಮೂರನೆಯ ಅಳತೆಯನ್ನು ಇನ್ನೊಮ್ಮೆ ಓದಿ. ಅದು ತುಂಬಬೇಕಾದರೆ ಸಾವುಗಳು ಆಗಿರಬೇಕು, ಸಮೀಕ್ಷೆಯವರು ಮನೆಮನೆಗೆ ಹೋಗಿ ಅವನ್ನು ಎಣಿಸಿರಬೇಕು, ಎಣಿಕೆ ಪರಿಶೀಲನೆಗೊಂಡು ಪ್ರಕಟವಾಗಬೇಕು. ನಾಲ್ಕನೆಯ ಹಂತದ ಹೆಸರು ‘ತುರ್ತು ಸ್ಥಿತಿ’. ದಕ್ಷಿಣ ಸೊಮಾಲಿಯಾ ವರ್ಷಗಳಿಂದ ಆ ಹಂತದ ಆಸುಪಾಸಿನಲ್ಲೇ ಇದ್ದುದರಿಂದ ಹಣ ಕೊಡುವ ರಾಜಧಾನಿಗಳಲ್ಲಿ ಆ ಮಾತಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಐದನೆಯ ಪದ ಹೊರಬಿದ್ದ ಮೇಲೆ ಕೆಲವೇ ವಾರಗಳಲ್ಲಿ ನೂರಾರು ಮಿಲಿಯನ್ ಡಾಲರ್ ಬಂತು. 2011ರ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಸುಮಾರು ಮೂವತ್ತು ಸಾವಿರದಂತೆ ಜನ ಸಾಯುತ್ತಿದ್ದರು. ಆ ಹಣ ಹಡಗಾಗಿ, ಲಾರಿಯಾಗಿ, ಚೀಲವಾಗಿ ಬದಲಾಗಲು ತಿಂಗಳುಗಳೇ ಬೇಕಿದ್ದವು.

ಕ್ಷಾಮದ ಪಟ್ಟಿ ಆಮೇಲೂ ಬೆಳೆಯಿತು. ಆಗಸ್ಟ್ 3ರಂದು ಮಿಡ್ಲ್ ಶಬೆಲ್ಲೆಯ ಭಾಗಗಳು, ರಾಜಧಾನಿ ಮೊಗದಿಶು ಮತ್ತು ಅಲ್ಲಿಂದ ಅಫ್ಗೋಯೆ ಊರಿಗೆ ಹೋಗುವ ಮಾರ್ಗದ ನಿರ್ವಸಿತರ ಬಿಡಾರಗಳು ಸೇರಿದವು. ಸೆಪ್ಟೆಂಬರ್ 5ರಂದು ಬೇ ಪ್ರಾಂತ್ಯ ಸೇರಿತು. ಅಲ್ಲಿ ಮಕ್ಕಳ ತೀವ್ರ ಅಪೌಷ್ಟಿಕತೆ ಶೇಕಡಾ 58 ಮುಟ್ಟಿತ್ತು.

ಮಗು ಯಾವುದರಿಂದ ಸತ್ತಿತು

ಕ್ಷಾಮದ ಚಿತ್ರವೆಂದರೆ ಬರಿದಾದ ತಟ್ಟೆ ಎಂದು ನಾವು ಭಾವಿಸುತ್ತೇವೆ. ಚಿಕಿತ್ಸಾ ಕೇಂದ್ರದ ದಾಖಲೆ ಪುಸ್ತಕ ತೆರೆದರೆ ಸಾವಿನ ಕಾರಣದ ಅಂಕಣದಲ್ಲಿ ಸಿಗುವ ಪದಗಳು ಬೇರೆ: ಭೇದಿ, ದಡಾರ, ನ್ಯುಮೋನಿಯಾ, ಮಲೇರಿಯಾ.

ಹಸಿವು ಮೊದಲು ಮಗುವಿನ ಕಾವಲನ್ನು ತೆಗೆದುಹಾಕುತ್ತದೆ. ಕರುಳಿನ ಒಳಪದರ ತೆಳುವಾಗಿ, ಕ್ರಿಮಿಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಸೋಂಕು ತಗುಲಿದರೂ ಜ್ವರ ಬರುವಷ್ಟು ಚೈತನ್ಯ ದೇಹದಲ್ಲಿ ಇರುವುದಿಲ್ಲ. ಹೀಗಾಗಿಯೇ ತೀವ್ರ ಅಪೌಷ್ಟಿಕತೆಯಿಂದ ಬಂದ ಮಗುವಿಗೆ ಜ್ವರವಿಲ್ಲದಿದ್ದರೂ ಪ್ರತಿಜೀವಕ ಕೊಡುವ ಪದ್ಧತಿಯಿದೆ. ಭೇದಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಮೈಗೆ ಹತ್ತದಿದ್ದರೆ ಮುಂದಿನ ಭೇದಿ ಇನ್ನೂ ಸುಲಭವಾಗಿ ಹಿಡಿಯುತ್ತದೆ. ದಡಾರವಂತೂ ದೇಹದಲ್ಲಿ ಉಳಿದಿದ್ದ ಎ ಜೀವಸತ್ವವನ್ನೂ ಬರಿದು ಮಾಡಿ, ವಾರಗಟ್ಟಲೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ, ಬೆನ್ನಿಗೆ ನ್ಯುಮೋನಿಯಾವನ್ನು ಬಿಟ್ಟು ಹೋಗುತ್ತದೆ. ಹೊಟ್ಟೆ ತುಂಬಿದ ಮಗು ಸಾಮಾನ್ಯವಾಗಿ ದಾಟುವ ಕಾಯಿಲೆಯನ್ನು ಈ ಮಗು ದಾಟುವುದಿಲ್ಲ.

ಇಥಿಯೋಪಿಯಾದ ಗಡಿಯೊಳಗೆ ದೊಲ್ಲೊ ಅದೊ ಎಂಬಲ್ಲಿ ಕೋಬೆ ಶಿಬಿರ ತೆರೆದದ್ದು 2011ರ ಜೂನ್‌ನಲ್ಲಿ. ಶಿಬಿರ ತೆರೆದಂದಿನಿಂದ ಅಲ್ಲಿ ದಿನಕ್ಕೆ ಸರಾಸರಿ ಹತ್ತು ಪುಟ್ಟ ಮಕ್ಕಳು ಸಾಯುತ್ತಿದ್ದಾರೆ ಎಂದು ಆಗಸ್ಟ್ ಮಧ್ಯದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತಿಳಿಸಿತು. ಇವರು ಗಡಿ ದಾಟಿ, ಆಹಾರ ಸಿಗುವ ಜಾಗಕ್ಕೆ ಬಂದು ಸೇರಿದ್ದ ಮಕ್ಕಳು. ಆದರೆ ಅಲ್ಲಿ ದಡಾರ ಹಬ್ಬಿತ್ತು. ವಾರಗಟ್ಟಲೆ ನಡೆದು ಸೊರಗಿದವರನ್ನು ಒಂದೆಡೆ ಒತ್ತೊತ್ತಾಗಿ ಕೂರಿಸಿದರೆ ದಡಾರಕ್ಕೆ ಬೇರೇನೂ ಬೇಕಿಲ್ಲ. ಆದ್ದರಿಂದಲೇ ನಿರಾಶ್ರಿತರ ಶಿಬಿರದಲ್ಲಿ ಆರು ತಿಂಗಳು ದಾಟಿದ ಪ್ರತಿ ಮಗುವಿಗೂ ಹೆಸರು ನೋಂದಣಿಯ ಹೊತ್ತಿಗೇ ದಡಾರದ ಲಸಿಕೆ ಮತ್ತು ಎ ಜೀವಸತ್ವ ಕೊಡಬೇಕೆಂಬ ನಿಯಮವಿದೆ. ಆಹಾರದ ಸಾಲು ಮತ್ತು ಲಸಿಕೆಯ ಸಾಲು ಬೇರೆಬೇರೆ ದಿನ ನಡೆದರೆ ಆ ನಡುವಿನ ದಿನಗಳಲ್ಲಿ ಮಕ್ಕಳು ಹೋಗುತ್ತಾರೆ.

ಕೀನ್ಯಾದ ದದಾಬ್ ಶಿಬಿರಗಳು 90,000 ಜನರಿಗೆಂದು ಕಟ್ಟಿದವು. 2011ರ ಕೊನೆಗೆ ಅಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಲ್ಲಿನ ದಡಾರ ಮಕ್ಕಳಿಗಷ್ಟೇ ನಿಲ್ಲದೆ ಹರೆಯದವರನ್ನೂ ಹಿಡಿಯಿತು. ವೈದ್ಯರಿಗೆ ವಿಚಿತ್ರವೆನಿಸುವ ಈ ಸಂಗತಿಯ ಬೇರು 1991ರಲ್ಲಿದೆ. ಆ ವರ್ಷ ಸೊಮಾಲಿಯಾದ ಕೇಂದ್ರ ಸರ್ಕಾರ ಕುಸಿಯಿತು, ಅದರೊಂದಿಗೆ ವಾಡಿಕೆಯ ಲಸಿಕೆ ಕಾರ್ಯಕ್ರಮವೂ ಕುಸಿಯಿತು. ಅನಂತರ ಹುಟ್ಟಿದವರು ಲಸಿಕೆಯಿಲ್ಲದೆ ಬೆಳೆದು ಇಪ್ಪತ್ತರ ಹರೆಯ ಮುಟ್ಟಿದ್ದರು. ಅಲ್-ಶಬಾಬ್ ತನ್ನ ಹಿಡಿತದ ಊರುಗಳಲ್ಲಿ ಸಾಮೂಹಿಕ ಲಸಿಕಾ ಅಭಿಯಾನಗಳನ್ನು ತಡೆದಿದ್ದು ಇದಕ್ಕೆ ಸೇರಿತು. ಕೊನೆಗೆ ಶಿಬಿರಗಳಲ್ಲಿ ಲಸಿಕೆಯ ವಯೋಮಿತಿಯನ್ನು ದೊಡ್ಡವರಿಗೂ ವಿಸ್ತರಿಸಬೇಕಾಯಿತು.

ಮೊಗದಿಶುವಿನಲ್ಲಿ ಕಾಟ ಕೊಟ್ಟದ್ದು ನೀರು. ಊರು ಬಿಟ್ಟು ಬಂದ ಲಕ್ಷಾಂತರ ಜನ ಪಾಳುಬಿದ್ದ ಕಟ್ಟಡಗಳ ನಡುವೆ ಬಟ್ಟೆ ಕಡ್ಡಿಗಳ ಗುಡಿಸಲು ಹಾಕಿಕೊಂಡಿದ್ದರು. ಶೌಚಾಲಯವಿಲ್ಲ, ಕುಡಿಯುವ ನೀರಿಗೆ ಕಲುಷಿತ ಬಾವಿ. ಆಗಸ್ಟ್ ಹೊತ್ತಿಗೆ ನಗರದ ಬನಾದಿರ್ ಆಸ್ಪತ್ರೆಯೊಂದರಲ್ಲೇ ಕಾಲರಾ ಎಂದು ಶಂಕಿಸಲಾದ ಭೇದಿಯಿಂದ 181 ಮಂದಿ ಸತ್ತಿದ್ದರು. ರೋಗಿಗಳಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಇಲ್ಲಿ ವೈದ್ಯರ ಕೈ ಕಟ್ಟುವ ಒಂದು ತೊಡಕನ್ನು ಹೇಳಲೇಬೇಕು. ಕಾಲರಾ ರೋಗಿಗೆ ದ್ರವವನ್ನು ಧಾರಾಳವಾಗಿ, ಬೇಗ ಕೊಡಬೇಕು. ಒಣಗಿ ಹೋದ ಅಪೌಷ್ಟಿಕ ಮಗುವಿನ ಹೃದಯ ಅಷ್ಟು ದ್ರವವನ್ನು ತಾಳದು. ರಕ್ತನಾಳಕ್ಕೆ ಅವಸರವಾಗಿ ಹರಿಸಿದರೆ ಹೃದಯವೇ ಸೋಲಬಹುದು. ಅದರ ಮೇಲೆ, ನಿರ್ಜಲೀಕರಣದ ಗುರುತುಗಳಾದ ಗುಳಿಬಿದ್ದ ಕಣ್ಣು ಮತ್ತು ಜೋತ ಚರ್ಮ ಬರೀ ಹಸಿವಿನಿಂದಲೂ ಬಂದಿರುತ್ತವೆ. ಎರಡು ಕಾಯಿಲೆಗಳ ಚಿಕಿತ್ಸೆ ಒಂದೇ ಪುಟ್ಟ ದೇಹದಲ್ಲಿ ಪರಸ್ಪರ ವಿರುದ್ಧ ನಿಂತಾಗ ಗಂಟೆಗಂಟೆಗೂ ಮಗುವಿನ ನಾಡಿ, ಉಸಿರು ನೋಡುವ ನುರಿತ ದಾದಿ ಬೇಕು. ಕ್ಷಾಮದ ಊರಿನಲ್ಲಿ ತೀರಾ ವಿರಳವಾದದ್ದು ಅದೇ.

ಆಹಾರವೂ ಹಾಗೆಯೇ. ತೀರಾ ಸೊರಗಿ, ಹಸಿವೂ ಸತ್ತ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ರಕ್ತದ ರಂಜಕ, ಪೊಟ್ಯಾಸಿಯಂ ಏರುಪೇರಾಗಿ ಜೀವಕ್ಕೆ ಅಪಾಯ. ಅಂಥ ಮಗುವಿಗೆ ಮೊದಲ ದಿನಗಳಲ್ಲಿ ಎಫ್-75 ಎಂಬ ತೆಳುವಾದ ಔಷಧೀಯ ಹಾಲನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಸ್ವಲ್ಪಸ್ವಲ್ಪವೇ ಕೊಡುತ್ತಾರೆ. ಬೇರೆ ಕಾಯಿಲೆಯಿಲ್ಲದೆ ತಿನ್ನುವ ಹಂಬಲ ಉಳಿದಿರುವ ಮಗುವಿಗೆ ಆಸ್ಪತ್ರೆಯೇ ಬೇಡ. ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಖನಿಜ, ಜೀವಸತ್ವಗಳನ್ನು ಅರೆದು ಮಾಡಿದ ಪೇಸ್ಟ್ ಇದೆ. 92 ಗ್ರಾಂನ ಒಂದು ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ. ನೀರು ಬೆರೆಸಬೇಕಿಲ್ಲ, ಒಲೆ ಹಚ್ಚಬೇಕಿಲ್ಲ, ಕೆಟ್ಟ ನೀರಿರುವ ಊರಿನಲ್ಲಿ ಇದೇ ಅದರ ದೊಡ್ಡ ಗುಣ. ತಾಯಿ ವಾರಕ್ಕೊಮ್ಮೆ ಬಂದು ಪೊಟ್ಟಣಗಳನ್ನು ಒಯ್ಯಬಹುದು. ಯಾರಿಗೆ ಬೇಕೆಂದು ತಿಳಿಯಲು ತೋಳಿನ ಸುತ್ತಳತೆಯ ಬಣ್ಣದ ಪಟ್ಟಿ ಸಾಕು: ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಮೇಲ್ತೋಳು 11.5 ಸೆಂಟಿಮೀಟರ್‌ಗಿಂತ ಸಣ್ಣದಿದ್ದರೆ ಪಟ್ಟಿ ಕೆಂಪು ತೋರಿಸುತ್ತದೆ. ಸಮುದಾಯದಲ್ಲೇ ಚಿಕಿತ್ಸೆ ಕೊಡುವ ಈ ವಿಧಾನವನ್ನು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2007ರಲ್ಲೇ ಅನುಮೋದಿಸಿದ್ದವು. 2011ರಲ್ಲಿ ಜ್ಞಾನವಿತ್ತು, ಪಟ್ಟಿಯಿತ್ತು, ಪೇಸ್ಟ್ ಇತ್ತು. ಅವು ಬೇಕಾದ ಹಳ್ಳಿಗೆ ಬೇಕಾದ ತಿಂಗಳಲ್ಲಿ ಹೋಗಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ.

ನೆರವು ಬಂದ ಬಗೆ

ಆಗಸ್ಟ್ 6ರಂದು ಅಲ್-ಶಬಾಬ್ ಮೊಗದಿಶುವಿನ ಹೆಚ್ಚಿನ ಭಾಗಗಳಿಂದ ಹಿಂದೆ ಸರಿಯಿತು, ನಗರಕ್ಕೆ ದಾರಿ ತೆರೆಯಿತು. ಆಗಸ್ಟ್ 19ರಂದು ಟರ್ಕಿಯ ಪ್ರಧಾನಿ ಎರ್ಡೊಗಾನ್ ಕುಟುಂಬ ಸಮೇತ ಅಲ್ಲಿಗೆ ಬಂದಿಳಿದರು. ಅವರ ಹಿಂದೆ ಟರ್ಕಿಯ ನೆರವೂ ಬಂತು. ಹಳ್ಳಿಗಾಡು ಮಾತ್ರ ಬಹುಪಾಲು ಮುಚ್ಚಿಯೇ ಇತ್ತು. ಅಲ್ಲಿಗೆ ಹೋದದ್ದು ಹಣ.

ಸಂತೆಯಲ್ಲಿ ಜೋಳ ಸಿಗುತ್ತಿತ್ತು, ಕೊಳ್ಳುವ ಶಕ್ತಿ ಇರಲಿಲ್ಲ. ವರ್ತಕರು ಯುದ್ಧದ ನಡುವೆಯೂ ಧಾನ್ಯ ಸಾಗಿಸುವ ದಾರಿ ಬಲ್ಲವರು. ಹೀಗಾಗಿ ಕೆಲವು ಸ್ವಯಂಸೇವಾ ಸಂಸ್ಥೆಗಳು ಒಟ್ಟು ಸೇರಿ, ಯುನಿಸೆಫ್ ಬೆಂಬಲದೊಂದಿಗೆ, ಲಾರಿಗಳ ಬದಲು ಹವಾಲಾ ವರ್ತಕರ ಮೂಲಕ ಕುಟುಂಬಗಳಿಗೆ ನೇರವಾಗಿ ಹಣ ಮತ್ತು ಆಹಾರ ಕೊಳ್ಳುವ ಚೀಟಿಗಳನ್ನು ತಲುಪಿಸಿದವು. ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಮುಟ್ಟಿತು. ಬೆಲೆ ಇನ್ನೂ ಏರಬಹುದೆಂಬ ಅಂಜಿಕೆ ನಿಜವಾಗಲಿಲ್ಲ. ಕೊಳ್ಳುವವರಿದ್ದಾರೆಂದು ತಿಳಿದ ವರ್ತಕರು ಧಾನ್ಯ ತರಿಸಿದರು. ಇದು ಆ ವರ್ಷದ ಅತಿ ಮುಖ್ಯ ಪಾಠವೆಂದು ನಾನು ಎಣಿಸುತ್ತೇನೆ. ಆದರೆ ಕೆಲಸ ಸರಿಯಾಗಿ ಹಿಡಿಯುವ ಹೊತ್ತಿಗೆ ಸೆಪ್ಟೆಂಬರ್, ಅಕ್ಟೋಬರ್ ಬಂದಿತ್ತು. ಮಾರ್ಚ್‌ನಲ್ಲೇ ಶುರುವಾಗಿದ್ದರೆ ಎಷ್ಟೋ ಮನೆಗಳು ಕೊನೆಯ ಆಡನ್ನು ಮಾರಿ ಊರು ಬಿಡಬೇಕಿರಲಿಲ್ಲ, ಶಿಬಿರದ ದಡಾರಕ್ಕೆ ಎದುರಾಗಬೇಕಿರಲಿಲ್ಲ.

ನವೆಂಬರ್ 28ರಂದು ಅಲ್-ಶಬಾಬ್ ಯುನಿಸೆಫ್ ಸೇರಿ ಹದಿನಾರು ಸಂಸ್ಥೆಗಳನ್ನು ಹೊರಹಾಕಿತು. ಅಷ್ಟರಲ್ಲಿ 2011ರ ಡೇರ್ ಮಳೆ ಚೆನ್ನಾಗಿ ಸುರಿದಿತ್ತು. ಮಳೆ ಹಸಿರನ್ನು ತಂದಂತೆ ಮಲೇರಿಯಾವನ್ನೂ ಭೇದಿಯನ್ನೂ ತಂದಿತು. ಬರಗಾಲ ಕಳೆದ ಮೊದಲ ಮಳೆ ಸೊರಗಿದ ಮಕ್ಕಳಿಗೆ ಅಪಾಯದ ಕಾಲ. ಜನವರಿಯಲ್ಲಿ ಸುಗ್ಗಿಯಾಯಿತು. 2012ರ ಫೆಬ್ರವರಿ 3ರಂದು ಕ್ಷಾಮ ಮುಗಿಯಿತೆಂದು ವಿಶ್ವಸಂಸ್ಥೆ ಪ್ರಕಟಿಸಿತು.

ಆಮೇಲಿನ ಎರಡು ಬರಗಳು

2016ರ ಕೊನೆಯಲ್ಲಿ ಮತ್ತೆ ಮಳೆ ತಪ್ಪಿದಾಗ ಕಥೆ ಬೇರೆಯಾಯಿತು. 2017ರ ಜನವರಿಯಲ್ಲಿ ಎಚ್ಚರಿಕೆ ಬಂತು, ಫೆಬ್ರವರಿ ಕೊನೆಯಲ್ಲಿ ಸೊಮಾಲಿಯಾದ ಹೊಸ ಅಧ್ಯಕ್ಷರೇ ಬರವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿದರು, ಹಣ ಮೊದಲ ತಿಂಗಳುಗಳಲ್ಲೇ ಹರಿಯಿತು. ತಿಂಗಳಿಗೆ ಮೂವತ್ತು ಲಕ್ಷದಷ್ಟು ಜನರಿಗೆ ಆಹಾರ ಅಥವಾ ಹಣ ಮುಟ್ಟಿತು. ಕ್ಷಾಮ ಬರಲಿಲ್ಲ. ಆದರೆ ಕಾಲರಾ ಬಂತು: ಆ ವರ್ಷ 78,000ಕ್ಕೂ ಹೆಚ್ಚು ಪ್ರಕರಣ, 1,159 ಸಾವು. ದಡಾರವೂ ಸಾವಿರಾರು ಮಕ್ಕಳನ್ನು ಹಿಡಿಯಿತು. ಬಾಯಿಯ ಮೂಲಕ ಕೊಡುವ ಕಾಲರಾ ಲಸಿಕೆಯನ್ನು ದೇಶದಲ್ಲಿ ಮೊದಲ ಬಾರಿಗೆ ಮಾರ್ಚ್‌ನಲ್ಲಿ ಬಳಸಲಾಯಿತು. ಅದು ಗುರಿ ಇಟ್ಟುಕೊಂಡದ್ದು ಸುಮಾರು ನಾಲ್ಕೂವರೆ ಲಕ್ಷ ಜನರನ್ನು. ಅನ್ನದ ವಿಷಯದಲ್ಲಿ ಬೇಗ ಎದ್ದವರು ನೀರು ಮತ್ತು ಲಸಿಕೆಯ ವಿಷಯದಲ್ಲಿ ರೋಗದ ಹಿಂದೆ ಓಡಿದರು ಎಂದೇ ನನ್ನ ಅನಿಸಿಕೆ. ಆದರೂ 2011ರ ಪಕ್ಕದಲ್ಲಿಟ್ಟು ನೋಡಿದರೆ ಉಳಿದ ಜೀವಗಳು ಅಪಾರ.

2020ರ ಕೊನೆಯಿಂದ ಸತತ ಐದು ಮಳೆಗಾಲಗಳು ಕೈಕೊಟ್ಟವು. 2022ರ ಸೆಪ್ಟೆಂಬರ್ 5ರಂದು ವಿಶ್ವಸಂಸ್ಥೆ, ಬೈದೋವಾ ಮತ್ತು ಬುರ್ಹಕಬಾದಲ್ಲಿ ವರ್ಷದ ಕೊನೆಯೊಳಗೆ ಕ್ಷಾಮ ಬರಲಿದೆ ಎಂದು ಮುಂಚಿತವಾಗಿ ಹೇಳಿತು. ನೆರವು ಹೆಚ್ಚಿತು, ಮೂರು ಅಳತೆಗಳು ಒಟ್ಟಿಗೆ ಗೆರೆ ದಾಟಲಿಲ್ಲ, ಘೋಷಣೆ ಹೊರಡಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಪ್ರಕಟವಾದ ಅಧ್ಯಯನ 2022ರಲ್ಲಿ ಬರದಿಂದಾದ ಹೆಚ್ಚುವರಿ ಸಾವುಗಳನ್ನು 43,000 ಎಂದು ಅಂದಾಜಿಸಿತು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.